ಕೂತವರ ಅಳತೆ

ಟೈಲರ್ ಅಂಗಡಿಯ ಮೊದಲ ಅಪ್ಪಣೆ ಎಲ್ಲ ಊರಲ್ಲೂ ಒಂದೇ: "ನೆಟ್ಟಗೆ ನಿಂತ್ಕೊಳ್ಳಿ." ಕೊರಳಿಗೆ ಟೇಪು ನೇತುಹಾಕಿಕೊಂಡ ಮಾಸ್ಟರು ಭುಜ, ಎದೆ, ಸೊಂಟ, ಸೀಟು, ಉದ್ದ ಎಂದು ಕೂಗುತ್ತಾ ಹೋಗುತ್ತಾರೆ, ಪಕ್ಕದ ಹುಡುಗ ಬಿಲ್ ಪುಸ್ತಕದಲ್ಲಿ ಅಂಕಿಗಳನ್ನು ಗೀಚಿಕೊಳ್ಳುತ್ತಾನೆ. ನಿಲ್ಲಲಾಗದವರು, ನಿಂತರೂ ನೆಟ್ಟಗಾಗದವರು, ಎರಡು ಭುಜ ಒಂದೇ ಎತ್ತರಕ್ಕಿಲ್ಲದವರು ಈ ಅಪ್ಪಣೆಗೆ ಏನು ಮಾಡಬೇಕು? ಬಹಳ ಮಂದಿ ಅಂಗಡಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಮನೆಯವರು ಹಳೆಯ ಶರ್ಟೊಂದನ್ನು ಅಳತೆಗೆಂದು ಒಯ್ದು ಕೊಡುತ್ತಾರೆ. ಆ ಹಳೆಯ ಶರ್ಟೂ ಹಿಂದೊಮ್ಮೆ ಇನ್ನೊಂದು ಹಳೆಯ ಶರ್ಟಿನ ಅಳತೆಗೆ ಹೊಲಿದದ್ದೇ. ಹೀಗೆ ಒಂದು ತಪ್ಪು ಅಳತೆ ವಂಶಾವಳಿಯಂತೆ ವರ್ಷಗಟ್ಟಲೆ ನಡೆದು ಬರುತ್ತದೆ.

ಕೂತ ದೇಹದ ಅಳತೆಯೇ ಬೇರೆ. ನೀವು ಈ ಪುಟವನ್ನು ಕುರ್ಚಿಯಲ್ಲಿ ಕೂತು ಓದುತ್ತಿದ್ದರೆ ಒಮ್ಮೆ ಬೆನ್ನ ಹಿಂದೆ ಕೈಯಾಡಿಸಿ. ಪ್ಯಾಂಟು ಕೆಳಗೆ ಜಾರಿರುತ್ತದೆ, ಶರ್ಟು ಮೇಲಕ್ಕೆದ್ದಿರುತ್ತದೆ. ಹೊಟ್ಟೆಯ ಕೆಳಗೆ ಬಟ್ಟೆ ಮಡಿಚಿಕೊಂಡು ಗುಪ್ಪೆಯಾಗಿರುತ್ತದೆ, ಪ್ಯಾಂಟಿನ ಅಂಚು ಕಣಕಾಲು ದಾಟಿ ಮೇಲೇರಿರುತ್ತದೆ. ಎದ್ದು ಒಮ್ಮೆ ಎಳೆದುಕೊಂಡರೆ ನಮಗೆ ಮುಗಿಯಿತು. ಬೆನ್ನುಹುರಿಗೆ ಪೆಟ್ಟು ಬಿದ್ದು ವೀಲ್‌ಚೇರ್ ಹಿಡಿದವರಿಗೆ ಇದು ಬೆಳಗಿನಿಂದ ರಾತ್ರಿಯವರೆಗಿನ ಪಾಡು. ಕಣ್ಣಿಗೆ ಬೀಳದ ತೊಂದರೆ ಇನ್ನೂ ಕೆಟ್ಟದ್ದು. ಸೊಂಟದ ಕೆಳಗೆ ಸ್ಪರ್ಶಜ್ಞಾನವೇ ಇಲ್ಲದಾಗ ಹಿಂಜೇಬಿನ ದಪ್ಪ ಹೊಲಿಗೆ, ಜೀನ್ಸಿನ ತಾಮ್ರದ ರಿವೆಟ್ಟು, ಅಡಿಯಲ್ಲಿ ಸಿಕ್ಕಿಕೊಂಡ ಒಂದು ನಿರಿಗೆ ಗಂಟೆಗಟ್ಟಲೆ ಒತ್ತುತ್ತಿದ್ದರೂ ಗೊತ್ತಾಗುವುದಿಲ್ಲ. ಒತ್ತಿದ ಜಾಗಕ್ಕೆ ರಕ್ತ ಹರಿಯದೆ ಚರ್ಮ ಸಾಯುತ್ತದೆ. ಬೆಡ್‌ಸೋರ್ ಎಂದು ಆಸ್ಪತ್ರೆಯವರು ಕರೆಯುವ ಆ ಹುಣ್ಣು ಮೂಳೆಯವರೆಗೂ ಇಳಿಯಬಲ್ಲದು, ಜೀವಕ್ಕೇ ಕುತ್ತು ತರಬಲ್ಲದು. ಸುಮ್ಮನೆ ಅಂದಕ್ಕೆಂದು ಇಟ್ಟ ಒಂದು ಜೇಬು ಇಷ್ಟೆಲ್ಲ ಮಾಡುತ್ತದೆ.

ಇದಕ್ಕೆ ಬೇಕಾದ ಹೊಲಿಗೆ ದೊಡ್ಡ ವಿದ್ಯೆಯೇನಲ್ಲ. ಆಳನ್ನು ಕೂರಿಸಿ ಅಳೆಯಬೇಕು. ಸೊಂಟದಿಂದ ಕುರ್ಚಿಯ ಆಸನದವರೆಗಿನ ಏರು ಎಷ್ಟು, ಸೊಂಟದಿಂದ ತೊಡೆಯ ಮೇಲೆ ಸಾಗಿ ಮಡಿಚಿದ ಮೊಣಕಾಲನ್ನು ಬಳಸಿ ಪಾದದವರೆಗೆ ಎಷ್ಟು ಎಂದು ಬರೆದುಕೊಳ್ಳಬೇಕು. ಹಿಂಭಾಗದ ಏರನ್ನು ಸಾಮಾನ್ಯವಾಗಿ 2-3 ಇಂಚು ಹೆಚ್ಚಿಸಿ, ಮುಂಭಾಗದ್ದನ್ನು ಒಂದೆರಡು ಇಂಚು ಇಳಿಸಿದರೆ ಸೊಂಟಪಟ್ಟಿ ಕೂತಾಗಲೂ ಸಮನಾಗಿ ನಿಲ್ಲುತ್ತದೆ. ಹಿಂಜೇಬು ಬೇಡವೇ ಬೇಡ. ಪರ್ಸಿಗೆ, ಫೋನಿಗೆ ತೊಡೆಯ ಮೇಲೆ, ಕೈ ಸಲೀಸಾಗಿ ಇಳಿಯುವ ಕಡೆ ಜೇಬಿಡಬೇಕು. ಒಳಗಿನ ಹೊಲಿಗೆಗಳು ಚಪ್ಪಟೆಯಾಗಿರಬೇಕು. ಮೂತ್ರದ ಚೀಲ ಕಟ್ಟಿಕೊಂಡವರಿಗೆ ಕಾಲಿನ ಒಳಬದಿಯ ಹೊಲಿಗೆಯಲ್ಲಿ ಗೇಣುದ್ದದ ಜಿಪ್ಪಿಟ್ಟರೆ ಪ್ಯಾಂಟು ಕಳಚದೆ ಚೀಲ ಖಾಲಿ ಮಾಡಿಕೊಳ್ಳಬಹುದು. ಮೇಲಿನ ಕೋಟು ತೊಡೆಯ ಮೇಲೆ ಮುದ್ದೆಯಾಗದಂತೆ ಮುಂದೆ ಗಿಡ್ಡ ಇರಬೇಕು. ಚಕ್ರ ತಳ್ಳುವಾಗ ಬೆನ್ನು ಬಿಗಿಯದಂತೆ ಹಿಂದೆ ಎರಡು ನಿರಿಗೆ ಬೇಕು. ತೋಳಿನ ಅಂಚು ಚಕ್ರಕ್ಕೆ ಉಜ್ಜಿ ಕರಿಯಾಗುವುದರಿಂದ ತುಸು ಮೇಲೇ ನಿಲ್ಲಿಸುವುದು ವಾಸಿ. ಹತ್ತನೆಯ ತರಗತಿ ಫೇಲಾಗಿ ಮಿಷನ್ನಿಗೆ ಕೂತ ಹುಡುಗನೂ ಒಂದು ಮಧ್ಯಾಹ್ನದಲ್ಲಿ ಕಲಿತುಬಿಡುವ ಸಂಗತಿಗಳಿವು. ಕಲಿಸುವವರಿಲ್ಲ, ಅಷ್ಟೆ.

ಕಲಿಸದಿರುವುದಕ್ಕೂ ಕಾರಣವಿದೆ. ರೆಡಿಮೇಡ್ ಲೋಕ ನಿಂತಿರುವುದೇ ನಿಂತ ದೇಹದ ಮೇಲೆ. ಹೆಂಗಸರ ಸಿದ್ಧ ಉಡುಪಿಗೆಂದು ಮೊದಲ ದೊಡ್ಡ ಅಳತೆ ನಡೆದದ್ದು 1939-40ರಲ್ಲಿ, ಅಮೆರಿಕದಲ್ಲಿ. ಅಲ್ಲಿನ ಕೃಷಿ ಇಲಾಖೆ ಸುಮಾರು 15,000 ಹೆಂಗಸರಿಗೆ ಟೇಪು ಹಿಡಿಯಿತು. ಒಬ್ಬೊಬ್ಬರದೂ 59 ಅಳತೆ. 1941ರಲ್ಲಿ ವರದಿ ಹೊರಬಂದಾಗ ಲೆಕ್ಕಕ್ಕೆ ಹಿಡಿದದ್ದು ಬಿಳಿಯ ಹೆಂಗಸರನ್ನು ಮಾತ್ರ. ಅಳತೆಗೆ ಯಾರನ್ನು ಕರೆದರೋ ಅವರ ಮೈಗೇ ಅಂಗಡಿ ತೆರೆಯುತ್ತದೆ. ನಮ್ಮಲ್ಲೂ ಭಾರತೀಯರ ಮೈಗೆ ತಕ್ಕ ಸೈಜುಪಟ್ಟಿ ಬೇಕೆಂದು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ, ಅಂದರೆ ನಿಫ್ಟ್, ಇಂಡಿಯಾಸೈಜ್ ಯೋಜನೆ ಹಮ್ಮಿಕೊಂಡಿತು. 15ರಿಂದ 65 ವಯಸ್ಸಿನ 25,000 ಮಂದಿಯನ್ನು ಬೆಂಗಳೂರೂ ಸೇರಿದಂತೆ ಆರು ನಗರಗಳಲ್ಲಿ ಸ್ಕ್ಯಾನರಿನಿಂದ ಅಳೆಯುವ ಗುರಿ. ಅಮೆರಿಕನ್ನರ, ಬ್ರಿಟಿಷರ ಸೈಜಿನಲ್ಲಿ ಹೆಣಗಾಡುವುದು ತಪ್ಪಿದರೆ ಒಳ್ಳೆಯದೇ. ಆದರೂ ಎಸ್, ಎಂ, ಎಲ್ ಎಂಬ ಅಕ್ಷರಗಳ ನಡುವೆ ಬಾಗಿದ ಬೆನ್ನು ಎಲ್ಲಿ ಕೂರುತ್ತದೆ ಎಂದು ಯಾವ ಪಟ್ಟಿಯೂ ಹೇಳಲಾರದು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದಾರೆ. ಇವರಲ್ಲಿ ಇಬ್ಬರ ಮೈ ಒಂದೇ ಬಗೆ ಇರುವುದಿಲ್ಲ.

ಈ ವಿಷಯದಲ್ಲಿ ನಮ್ಮ ಹಳೆಯ ಉಡುಪು ಜಾಣತನದ್ದು. ಪಂಚೆಗೆ ಸೈಜಿಲ್ಲ. ಲುಂಗಿಗೆ, ಸೀರೆಗೆ ಎಡಬಲವೆಂಬುದಿಲ್ಲ. ಬೊಜ್ಜು ಬಂದರೂ ಬಸವಳಿದರೂ ಅದೇ ಬಟ್ಟೆ. ಕರಾವಳಿಯಲ್ಲಿ ಆನೆಕಾಲು ರೋಗದಿಂದ ಕಾಲು ಬಾತವರನ್ನು ಊರಿನ ನಡುವೆ ಸಹಜವಾಗಿ ನಡೆದಾಡುವಂತೆ ಇಟ್ಟದ್ದು ಲುಂಗಿಯೇ. ಹಾಗೆಂದು ಹಳೆಯದನ್ನು ಹಾಡಿ ಹೊಗಳಿ ಕೂರುವಂತಿಲ್ಲ. ಒಂದೇ ಕೈಯಲ್ಲಿ ಪಂಚೆ ಉಟ್ಟುನೋಡಿ. ಕಂಕುಳಲ್ಲಿ ಊರುಗೋಲು ಹಿಡಿದು, ಜಾರುವ ಲುಂಗಿಯನ್ನು ಮತ್ತೆ ಬಿಗಿಯಲು ಮೂರನೆಯ ಕೈ ಎಲ್ಲಿಂದ ತರುವುದು? ಸೀರೆಯ ನಿರಿಗೆ ವೀಲ್‌ಚೇರಿನ ಮುಂದಿನ ಸಣ್ಣ ಚಕ್ರಕ್ಕೆ ಸಿಕ್ಕುತ್ತದೆ. ಕೈಯಿಂದ ತಿರುಗಿಸುವ ಮೂರು ಚಕ್ರದ ಗಾಡಿಯ ಚೈನಿಗೆ ದುಪಟ್ಟಾ ಸಿಕ್ಕಿಕೊಂಡರೆ ಕೊರಳಿಗೇ ಅಪಾಯ.

ತೀರ್ಥಹಳ್ಳಿ ಕಡೆಯ ನನ್ನ ದೊಡ್ಡಮ್ಮನಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಸ್ವಾಧೀನ ತಪ್ಪಿದಾಗ, ಮನೆಯವರು ಅನುಕೂಲ ನೋಡಿ ಮುಂದೆ ಜಿಪ್ಪಿರುವ ನೈಟಿಗಳನ್ನು ತಂದರು. ಹದಿನಾರಕ್ಕೆ ಸೀರೆ ಉಡಲು ಶುರುಮಾಡಿದ ಹೆಂಗಸು ಅವರು. ನೈಟಿ ಹಾಕಿಸಿದ ದಿನದಿಂದ ಜಗುಲಿಗೆ ಬರುವುದನ್ನು ಬಿಟ್ಟರು. ಯಾರಾದರೂ ನೋಡಲು ಬಂದರೆ "ಬಾಗಿಲು ಮುಂದೆ ಮಾಡೇ" ಎಂದು ಸೊಸೆಗೆ ಹೇಳುವರು. ಕಾಯಿಲೆ ಮನಸ್ಸಿಗೂ ತಟ್ಟಿದೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಬೀದಿ ಕೊನೆಯಲ್ಲಿ ರವಿಕೆ ಹೊಲಿಯುವ ಹೆಂಗಸೊಬ್ಬಳು ಮಾತ್ರ ಬಂದವಳೇ "ಯಾವ ಕೈ ಆಡ್ತದೆ ಅಮ್ಮಾ?" ಎಂದು ಕೇಳಿದಳು. ಎರಡು ಹಳೆಯ ಹತ್ತಿ ಸೀರೆ ಇಸಿದುಕೊಂಡು ಹೋದಳು.

ಅವಳು ಸೀರೆಯನ್ನು ಎರಡು ತುಂಡು ಮಾಡಿದ್ದಳು. ಕೆಳಗಿನ ತುಂಡಿಗೆ ನಿರಿಗೆಗಳನ್ನು ಹಿಡಿದು ಹೊಲಿದು, ಸೊಂಟಕ್ಕೆ ಅಗಲದ ಪಟ್ಟಿ ಕೊಟ್ಟು, ಎಡಗಡೆ ಮುಚ್ಚುವಂತೆ ವೆಲ್ಕ್ರೋ ಹಾಕಿದ್ದಳು. ಕೂತಾಗ ಅಡಿಗೆ ಸಿಕ್ಕುವ ಹಿಂಭಾಗದ ಬಟ್ಟೆ ತೆಗೆದಿದ್ದಳು. ನಿರಿಗೆ ಪಾದಕ್ಕಿಂತ ನಾಲ್ಕು ಬೆರಳು ಮೇಲೇ ನಿಲ್ಲುತ್ತಿತ್ತು. ಸೆರಗಿನ ತುಂಡು ಬೇರೆ, ಭುಜದ ಮೇಲೆ ಒಂದು ಟಿಚ್ ಗುಂಡಿ, ಸೊಂಟದಲ್ಲಿ ಇನ್ನೊಂದು. ರವಿಕೆಯ ಕಂಕುಳ ಕೆಳಗೆ ಚೌಕದ ತುಂಡೊಂದನ್ನು ಕೂರಿಸಿ ಸಡಿಲ ಮಾಡಿದ್ದಳು. ಹುಕ್ಕುಗಳ ಜಾಗದಲ್ಲಿ ವೆಲ್ಕ್ರೋ ಇತ್ತು, ಮೇಲೆ ಮಾತ್ರ ತೋರಿಕೆಗೆ ಹುಕ್ಕಿನ ಪಟ್ಟಿ ಹಾಗೇ ಬಿಟ್ಟಿದ್ದಳು. ತೊಡಿಸುವ ಕ್ರಮವನ್ನೂ ಸೊಸೆಗೆ ಹೇಳಿಕೊಟ್ಟಳು: ಸ್ವಾಧೀನವಿಲ್ಲದ ಕೈಯನ್ನು ಮೊದಲು ತೋಳಿಗೆ ತೂರಿಸಬೇಕು, ಕಳಚುವಾಗ ಅದನ್ನೇ ಕೊನೆಗೆ ಬಿಡಿಸಬೇಕು. ಫಿಸಿಯೋಥೆರಪಿಯವರು ಹೇಳುವುದೂ ಇದನ್ನೇ. ಅವಳಿಗೆ ಅದು ಎಲ್ಲಿಂದ ಗೊತ್ತಾಯಿತೋ. ದೊಡ್ಡಮ್ಮ ಜಗುಲಿಗೆ ಬಂದು ಕೂತರು. ಕೂತು, ಸೊಸೆ ಸೆರಗನ್ನು ಸರಿಯಾಗಿ ಇಳಿಬಿಟ್ಟಿಲ್ಲವೆಂದು ಬೈದರು.

ಮುದುಕರ, ಕಾಯಿಲೆಯವರ ಬಟ್ಟೆಯ ಮಾತು ಬಂದಾಗ ನಾವು ನೋಡಿಕೊಳ್ಳುವವರ ಅನುಕೂಲವನ್ನೇ ಮೊದಲು ನೋಡುತ್ತೇವೆ. ತೊಡಿಸಲು ಸುಲಭ, ಒಗೆಯಲು ಸುಲಭ. ತೊಡುವವರು ಹೇಗೆ ಕಾಣಬಯಸುತ್ತಾರೆ ಎಂಬುದು ಕೊನೆಯ ಪ್ರಶ್ನೆ. ಅದನ್ನು ಮೊದಲ ಪ್ರಶ್ನೆಯಾಗಿ ಎತ್ತಿಕೊಂಡವರಲ್ಲಿ ನ್ಯೂಯಾರ್ಕಿನ ಹೆಲೆನ್ ಕುಕ್‌ಮನ್ ಒಬ್ಬರು. ಸ್ವತಃ ಕಿವಿ ಮಂದವಾಗಿದ್ದ ಈ ವಸ್ತ್ರ ವಿನ್ಯಾಸಕಿ 1950ರ ದಶಕದಲ್ಲಿ ಡಾ. ಹೊವಾರ್ಡ್ ರಸ್ಕ್ ಅವರ ಪುನಶ್ಚೇತನ ಕೇಂದ್ರದಲ್ಲಿ ರೋಗಿಗಳ ಬಟ್ಟೆಯ ಕಷ್ಟಗಳನ್ನು ಅಧ್ಯಯನ ಮಾಡಿ, 'ಫಂಕ್ಷನಲ್ ಫ್ಯಾಷನ್ಸ್' ಎಂಬ ಹೆಸರಿನಲ್ಲಿ ಉಡುಪುಗಳನ್ನು ರೂಪಿಸಿದರು. ಸುತ್ತಿಕೊಂಡು ಕಟ್ಟುವ ಸ್ಕರ್ಟು, ಪಕ್ಕಕ್ಕೆ ಉದ್ದ ಜಿಪ್ಪಿನ ಪ್ಯಾಂಟು ಅವುಗಳಲ್ಲಿದ್ದವು. ನೋಡಿದವರಿಗೆ ಅವು ಅಂಗಡಿಯ ಮಾಮೂಲಿ ಬಟ್ಟೆಗಳಂತೆಯೇ ಕಾಣಬೇಕು ಎಂಬುದು ಅವರ ಹಟ. 1975ರಲ್ಲಿ ಲೆವೈಸ್ ಕಂಪನಿ ಇದೇ ಹೆಸರಿನಡಿ ಎರಡೂ ಪಕ್ಕಕ್ಕೆ ಜಿಪ್ಪಿರುವ ಜೀನ್ಸ್ ತಂದಿತು. ಆಮೇಲೆ ಆ ಸಾಲು ನಿಂತುಹೋಯಿತು. 2016ರಲ್ಲಿ ಟಾಮಿ ಹಿಲ್‌ಫಿಗರ್ ಮಕ್ಕಳಿಗೆ ಇಂಥ ಉಡುಪು ತಂದಾಗ ಪತ್ರಿಕೆಗಳು ಅದನ್ನು ಹೊಸದೆಂಬಂತೆ ಬರೆದವು. ಅದರ ಹಿಂದಿದ್ದವರು ಮಿಂಡಿ ಶೈಯರ್ ಎಂಬ ತಾಯಿ. ಸ್ನಾಯುಕ್ಷಯವಿದ್ದ ಮಗ, ಗೆಳೆಯರಂತೆ ತಾನೂ ಶಾಲೆಗೆ ಜೀನ್ಸ್ ಹಾಕಬೇಕೆಂದು ಕೇಳಿದ್ದೇ ಅವರ ಕೆಲಸಕ್ಕೆ ಮೂಲ. ನಮ್ಮ ದೇಶದಲ್ಲಿ, ಸಂಧಿವಾತದಿಂದ ವೀಲ್‌ಚೇರ್ ಹಿಡಿದ ಸೌಮಿತಾ ಬಸು ತಮ್ಮ ಅನುಭವದಿಂದಲೇ 'ಜೈನಿಕಾ' ಎಂಬ ಉಡುಪು ಸಂಸ್ಥೆ ಕಟ್ಟಿದರು.

ಗುಂಡಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ನಡುಗುವ ಕೈಗೆ, ಬೆರಳು ಮಡಿಚದ ಸಂಧಿವಾತಕ್ಕೆ, ಕುಷ್ಠದಿಂದ ಸ್ಪರ್ಶ ಹೋದ ಬೆರಳಿಗೆ ಕಾಜಾದೊಳಗೆ ಗುಂಡಿ ತೂರಿಸುವುದಕ್ಕಿಂತ ದೊಡ್ಡ ಪರೀಕ್ಷೆಯಿಲ್ಲ. ಇದಕ್ಕೆ ಅಗ್ಗದ ಉಪಾಯ, ಗುಂಡಿಯನ್ನು ಕಾಜಾದ ಮೇಲೆಯೇ ಶಾಶ್ವತವಾಗಿ ಹೊಲಿದು, ಅಡಿಯಲ್ಲಿ ಕಾಣದಂತೆ ವೆಲ್ಕ್ರೋ ತುಂಡು ಇಡುವುದು. ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ತ್ರಾಲ್ 1941ರಲ್ಲಿ ತನ್ನ ನಾಯಿಯ ಕೂದಲಿಗೆ ಅಂಟಿದ ಮುಳ್ಳುಕಾಯಿ ನೋಡಿ ವೆಲ್ಕ್ರೋ ಕಲ್ಪಿಸಿಕೊಂಡ. ನಮ್ಮ ಹೊಲದ ಬದುವಿನಲ್ಲಿ ಪಂಚೆಯಂಚಿಗೆ ಅಂಟುವ ಉತ್ತರಾಣಿಯದೂ ಅದೇ ಕೆಲಸ. ಒಗೆಯುವ ಮುನ್ನ ವೆಲ್ಕ್ರೋವನ್ನು ಮುಚ್ಚಿಯೇ ಹಾಕಬೇಕು, ಇಲ್ಲದಿದ್ದರೆ ಎಳೆ, ಕೂದಲು ಸಿಕ್ಕಿ ಕೆಲವೇ ತಿಂಗಳಲ್ಲಿ ಹಿಡಿತ ಬಿಡುತ್ತದೆ. ಆಯಸ್ಕಾಂತದ ಗುಂಡಿ ಇನ್ನೂ ಸಲೀಸು. ಪಾರ್ಕಿನ್ಸನ್ ಕಾಯಿಲೆಯ ತನ್ನ ಗಂಡನಿಗಾಗಿ ಅಂಥ ಶರ್ಟು ರೂಪಿಸಿ ವ್ಯಾಪಾರವನ್ನೇ ಕಟ್ಟಿದ ಅಮೆರಿಕದ ಮೌರಾ ಹಾರ್ಟನ್ ಕತೆ ಪ್ರಸಿದ್ಧ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಮಾತ್ರ ಅದರ ಹತ್ತಿರ ಸುಳಿಯಬಾರದು. ಕಫ್ ಗುಂಡಿಯನ್ನು ಎಲಾಸ್ಟಿಕ್ ದಾರದಲ್ಲಿ ಹೊಲಿದರೆ ಗುಂಡಿ ಬಿಚ್ಚದೆಯೇ ಕೈ ತೂರುತ್ತದೆ. ಜಿಪ್ಪಿನ ತುದಿಗೊಂದು ಕೀ ಚೈನಿನ ಬಳೆ ಸಿಕ್ಕಿಸಿದರೆ ಹೆಬ್ಬೆರಳು ಒಂದಿದ್ದರೂ ಎಳೆಯಬಹುದು.

ಪೋಲಿಯೊ ಬಂದು ಕ್ಯಾಲಿಪರ್ ಹಾಕುವವರ ಪಾಡು ಬೇರೆ. ದೇಶದ ಕೊನೆಯ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರಲ್ಲಿ ನಾವು ಪೋಲಿಯೊಮುಕ್ತರಾದೆವು. ಆದರೆ ಅದಕ್ಕೂ ಹಿಂದೆ ಕಾಲು ಕಳೆದುಕೊಂಡ ಪೀಳಿಗೆ ಈಗ ನಡುವಯಸ್ಸಿನಲ್ಲಿದೆ, ಆಫೀಸುಗಳಲ್ಲಿದೆ, ಅಂಗಡಿ ನಡೆಸುತ್ತಿದೆ. ಒಂದು ಕಾಲು ಸಣಕಲು, ಅದರ ಸುತ್ತ ಕಬ್ಬಿಣದ ಸರಳು, ಚರ್ಮದ ಪಟ್ಟಿ. ಮೊಣಕಾಲಿನ ಬೀಗ ಪ್ಯಾಂಟಿನ ಒಳಬದಿಯನ್ನು ತಿಂದು ಹಾಕುತ್ತದೆ. ಟೈಲರು ಎರಡು ಕಾಲನ್ನೂ ಒಂದೇ ಅಗಲಕ್ಕೆ ಹೊಲಿದರೆ ಸಣ್ಣ ಕಾಲಿನ ಬಟ್ಟೆ ಬಾವುಟದಂತೆ ಪಟಪಟಿಸುತ್ತದೆ, ನೋಡುವವರ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಕ್ಯಾಲಿಪರ್ ಹಾಕಿಸಿ, ಬೂಟು ತೊಡಿಸಿ, ಆಮೇಲೆ ಎರಡು ಕಾಲನ್ನೂ ಬೇರೆಬೇರೆಯಾಗಿ ಅಳೆಯಬೇಕು. ಬೀಗದ ಜಾಗಕ್ಕೆ ಒಳಗಿಂದ ಗಟ್ಟಿ ಬಟ್ಟೆಯ ತೇಪೆ ಇಡಬೇಕು. ಊರುಗೋಲಿನವರ ಶರ್ಟು ಕಂಕುಳಲ್ಲೇ ಮೊದಲು ಹರಿಯುವುದರಿಂದ ಅಲ್ಲೂ ತೇಪೆ ಬೇಕು, ಹೊಸದರಲ್ಲೇ. ಕೃತಕ ಕಾಲಿನವರಿಗೆ ಒಳಬದಿಯ ಹೊಲಿಗೆಯಲ್ಲಿ ಮೊಣಕಾಲಿನವರೆಗೆ ಜಿಪ್ಪು. 1968ರಲ್ಲಿ ಬಂದ ಜೈಪುರ ಪಾದ ನಮ್ಮವರಿಗೆ ಚಕ್ಕಂಬಕ್ಕಲ ಹಾಕುವುದನ್ನೂ ಕುಕ್ಕರುಗಾಲಲ್ಲಿ ಕೂರುವುದನ್ನೂ ಮರಳಿ ಕೊಟ್ಟಿತು. ಪ್ಯಾಂಟು ಬಿಗಿಯಾಗಿದ್ದರೆ ಆ ಲಾಭವೆಲ್ಲ ನಷ್ಟವೇ.

ಕುಳ್ಳ ದೇಹದವರನ್ನು ನಮ್ಮ ಅಂಗಡಿಯವರು ಮಕ್ಕಳ ವಿಭಾಗಕ್ಕೆ ಕಳಿಸುತ್ತಾರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 147 ಸೆಂಟಿಮೀಟರು, ಅಂದರೆ 4 ಅಡಿ 10 ಇಂಚು ಅಥವಾ ಅದಕ್ಕಿಂತ ಕಡಿಮೆ ಎತ್ತರದ ವಯಸ್ಕರನ್ನು ತನ್ನ 21 ಬಗೆಗಳಲ್ಲಿ ಒಂದಾಗಿ ಸೇರಿಸಿದೆ. ಅವರಲ್ಲಿ ಬಹಳ ಮಂದಿಗೆ ಎದೆ, ಬೆನ್ನು ಹೆಚ್ಚುಕಡಿಮೆ ಎಲ್ಲರಷ್ಟೇ. ಗಿಡ್ಡವಿರುವುದು ತೋಳು ಮತ್ತು ತೊಡೆ. ಮಕ್ಕಳ ಶರ್ಟು ಎದೆಗೆ ಸಾಲದು, ಮೇಲೊಂದು ಕಾರ್ಟೂನು ಬೇರೆ. ದೊಡ್ಡವರ ಶರ್ಟಿನ ತೋಳನ್ನು ತುದಿಯಲ್ಲಿ ಕತ್ತರಿಸಿದರೆ ಕಫ್ಫೂ ಹೋಯಿತು, ಸೀಳಿನ ಪಟ್ಟಿಯೂ ಹೋಯಿತು. ಪ್ಯಾಂಟಿನ ಕೆಳತುದಿ ಮಡಿಸಿದರೆ ಮೊಣಕಾಲಿನ ತಿರುವು ಮೀನಖಂಡಕ್ಕೆ ಇಳಿಯುತ್ತದೆ. ಹೊಸದಾಗಿ ಕತ್ತರಿಸುವುದೊಂದೇ ಸರಿಯಾದ ದಾರಿ. ಐರ್ಲೆಂಡಿನ ಶಿಕ್ಷಕಿ, ಹೋರಾಟಗಾರ್ತಿ ಶಿನೇಡ್ ಬರ್ಕ್ 2019ರಲ್ಲಿ ಬ್ರಿಟಿಷ್ ವೋಗ್ ಪತ್ರಿಕೆಯ ಮುಖಪುಟಕ್ಕೆ ಬಂದಾಗ ಜಗತ್ತು ಬೆರಗಾಯಿತು. ಆ ಬೆರಗಿನ ಹಿಂದೆ ಅವರ ಅಳತೆಗೇ ಕತ್ತರಿ ಹಿಡಿದ ಯಾರದೋ ಕೈಯಿತ್ತು.

ಬಾಗಿದ ಬೆನ್ನಿನ ವಿಷಯಕ್ಕೆ ಬಂದರೆ ಕಸುಬಿನ ಮೊದಲ ಪಾಠವನ್ನೇ ಮರೆಯಬೇಕಾಗುತ್ತದೆ. ಬಟ್ಟೆಯನ್ನು ಎರಡಾಗಿ ಮಡಿಸಿ ಒಮ್ಮೆಲೇ ಕತ್ತರಿಸುವುದು ಆ ಪಾಠ. ಎಡಕ್ಕೂ ಬಲಕ್ಕೂ ಒಂದೇ ಅಳತೆ ಎಂಬ ನಂಬಿಕೆ ಆ ಮಡಿಕೆಯಲ್ಲಿದೆ. ಗೂನುಬೆನ್ನಿಗೆ, ಓರೆ ಬೆನ್ನುಮೂಳೆಗೆ ಬಟ್ಟೆಯನ್ನು ಬಿಡಿಸಿ ಹರಡಿ, ಎಡ ಬೇರೆ ಬಲ ಬೇರೆ ಎಂದು ಗುರುತು ಹಾಕಬೇಕು. ಡಾರ್ಟು ಒಂದು ಬದಿಗೆ ಉದ್ದ, ಇನ್ನೊಂದಕ್ಕೆ ಗಿಡ್ಡ. ತಗ್ಗಿದ ಭುಜಕ್ಕೆ ತೆಳ್ಳನೆಯ ಪ್ಯಾಡು. ಮೊದಲು ಅಗ್ಗದ ಕೋರಾ ಬಟ್ಟೆಯಲ್ಲಿ ಹೊಲಿದು ತೊಡಿಸಿ ನೋಡುವುದು ಒಳ್ಳೆಯದು. ದೊಡ್ಡ ಚೌಕಳಿ, ಅಡ್ಡಪಟ್ಟೆ ಓರೆಯನ್ನು ಎತ್ತಿ ತೋರಿಸುತ್ತವೆ, ಸಣ್ಣ ಹೂವಿನ ಬಟ್ಟೆ ಅದನ್ನು ನುಂಗಿಕೊಳ್ಳುತ್ತದೆ. ಹಾಗಂತ ಮುಚ್ಚಿಡಲೇಬೇಕೆಂಬ ಕಟ್ಟಳೆಯೂ ಇಲ್ಲ. ಅದು ತೊಡುವವರ ಇಷ್ಟ.

ಭಾಗವತದಲ್ಲಿ ಕೃಷ್ಣ ಬಲರಾಮರು ಮಥುರೆಯ ರಾಜಬೀದಿಯಲ್ಲಿ ನಡೆದು ಬರುವಾಗ ಬಟ್ಟೆಗಾರನೊಬ್ಬ ಎದುರಾಗಿ, ಅವರವರ ಮೈಗೆ ಒಪ್ಪುವಂತೆ ಬಣ್ಣಬಣ್ಣದ ವಸ್ತ್ರ ತೊಡಿಸುತ್ತಾನೆ. ಅಲ್ಲಿಂದ ಹೂವಾಡಿಗ ಸುದಾಮನ ಮನೆ. ಅದಾದ ಮೇಲೆ ಮೂರು ಕಡೆ ಬಾಗಿದ ಕುಬ್ಜೆ ಸಿಗುತ್ತಾಳೆ. ಕೃಷ್ಣ ಅವಳ ಪಾದ ಒತ್ತಿಹಿಡಿದು, ಗಲ್ಲ ಎತ್ತಿ, ನೆಟ್ಟಗೆ ಮಾಡಿಬಿಡುತ್ತಾನೆ. ಹರಿಕಥೆಯಲ್ಲಿ ಇದನ್ನು ಕೇಳುವಾಗಲೆಲ್ಲ ನನಗೊಂದು ತುಂಟ ಅನುಮಾನ. ಬಟ್ಟೆಗಾರ ಅದೇ ಬೀದಿಯಲ್ಲಿದ್ದನಲ್ಲ, ಕುಬ್ಜೆಗೆ ಒಪ್ಪುವ ರವಿಕೆ ಹೊಲಿದುಕೊಡು ಎಂದು ಅವನಿಗೆ ಯಾರೂ ಹೇಳಲಿಲ್ಲವೇಕೆ? ದೇವರು ಎಲ್ಲರ ಬೀದಿಗೂ ಬರುವುದಿಲ್ಲ. ಬಟ್ಟೆಗಾರ ಎಲ್ಲ ಬೀದಿಯಲ್ಲೂ ಇರುತ್ತಾನೆ.

ಅವನ ಬಳಿ ಬರಬೇಕಾದವರು ಇನ್ನೂ ಇದ್ದಾರೆ. ಸ್ತನದ ಶಸ್ತ್ರಚಿಕಿತ್ಸೆಯಾದವರಿಗೆ ರವಿಕೆಯೊಳಗೆ ಪ್ಯಾಡಿಡಲು ಒಂದು ಜೇಬು ಬೇಕು, ಮತ್ತು ತೋಳು ಬಾತಿದ್ದರೆ ಆ ಬದಿಯ ಮುಂಡ, ಅಂದರೆ ತೋಳು ಕೂರಿಸುವ ಸುತ್ತು, ಅಗಲ ಬೇಕು. ಆಟಿಸಂ ಇರುವ ಮಕ್ಕಳಲ್ಲಿ ಕೆಲವರಿಗೆ ಕೊರಳ ಹಿಂದಿನ ಲೇಬಲ್ಲೊಂದೇ ಸಾಕು ದಿನವಿಡೀ ಅಳಲು. ಅದನ್ನು ಕತ್ತರಿಸದೆ ಹೊಲಿಗೆ ಬಿಚ್ಚಿ ತೆಗೆಯಬೇಕು, ಕತ್ತರಿಸಿದ ತುದಿ ಇನ್ನೂ ಚುಚ್ಚುತ್ತದೆ. ಕಣ್ಣು ಕಾಣದವರ ಬಟ್ಟೆಯ ಒಳಗೆ ಬಣ್ಣಕ್ಕೊಂದು ಬಗೆಯ ದಾರದ ಗಂಟು ಹಾಕಿಟ್ಟರೆ ಯಾವ ಶರ್ಟಿಗೆ ಯಾವ ಪ್ಯಾಂಟು ಎಂದು ಯಾರನ್ನೂ ಕೇಳಬೇಕಿಲ್ಲ.

ವಿಚಿತ್ರವೆಂದರೆ ಅಂಗವಿಕಲರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ನಮ್ಮ ಸಮಾಜ ಕಣ್ಣುಮುಚ್ಚಿ ಕಲಿಸುತ್ತ ಬಂದ ಕಸುಬೇ ಹೊಲಿಗೆ. ಕಾಲಿಲ್ಲದವರು ತುಳಿಯುವ ಮಿಷನ್ನಿಗೆ ಮೋಟಾರು ಹಾಕಿಸಿಕೊಂಡು ಕಲಿತಿದ್ದಾರೆ, ಕಿವಿ ಕೇಳದವರು ಸನ್ನೆಯಲ್ಲೇ ಕಲಿತಿದ್ದಾರೆ. ಕಲಿತದ್ದೆಲ್ಲ ಅದೇ ನಿಂತ ದೇಹದ ಕಟಿಂಗು. ತನ್ನ ಮೈಗೆ ತಾನೇ ಸರಿಯಾದ ಬಟ್ಟೆ ಹೊಲಿದುಕೊಳ್ಳಲು ಬೇಕಾದ ಒಂದು ಪುಟವೂ ಆ ಪಠ್ಯದಲ್ಲಿ ಇರುವುದಿಲ್ಲ. ಆ ಪುಟಗಳನ್ನು ಬರೆಯಬಲ್ಲವರು ಅವರೇ.

ಇಂಥ ಹೊಲಿಗೆಗೆ ಟೈಲರ್ ಒಪ್ಪದಿರುವುದಕ್ಕೂ ನ್ಯಾಯವಿದೆ, ಅವನನ್ನು ಬೈದು ಫಲವಿಲ್ಲ. ರೆಡಿಮೇಡ್ ಬಂದು ಅವನ ಪಾಲಿಗೆ ಉಳಿಸಿದ್ದು ರವಿಕೆ, ಫಾಲ್, ಆಲ್ಟರೇಷನ್ನು, ಶಾಲೆ ಶುರುವಾಗುವಾಗ ಒಂದಿಷ್ಟು ಸಮವಸ್ತ್ರ. ಕೂಲಿ ಪೀಸಿನ ಲೆಕ್ಕದಲ್ಲಿ. ಗೂನುಬೆನ್ನಿನ ಶರ್ಟೊಂದಕ್ಕೆ ಮೂರು ಬಾರಿ ತೊಡಿಸಿ ನೋಡಿ, ಬಿಚ್ಚಿ, ಮತ್ತೆ ಹೊಲಿಯುವ ಹೊತ್ತಿನಲ್ಲಿ ಅವನು ನಾಲ್ಕು ಮಾಮೂಲಿ ಶರ್ಟು ಮುಗಿಸುತ್ತಾನೆ. ಅದೇ ರೇಟಿಗೆ ಮಾಡು ಎಂದರೆ "ಆಗಲ್ಲ ಸಾರ್" ಎನ್ನದೆ ಇನ್ನೇನು ಮಾಡಿಯಾನು? ಈ ಕೆಲಸಕ್ಕೆ ಬೇರೆ ಕೂಲಿ ಕೊಡಬೇಕು. ಅದನ್ನು ಬಡ ವೀಲ್‌ಚೇರ್ ಬಳಕೆದಾರನ ಜೇಬಿನಿಂದಲೇ ಕೇಳುವುದೂ ಸರಿಯಲ್ಲ. 2016ರ ಕಾಯ್ದೆಯ 43ನೆಯ ಸೆಕ್ಷನ್ನು ಎಲ್ಲರೂ ಬಳಸಬಹುದಾದ ವಿನ್ಯಾಸದ ಸರಕುಗಳ ತಯಾರಿಕೆ, ಹಂಚಿಕೆಗೆ ಸರ್ಕಾರ ಉತ್ತೇಜನ ಕೊಡಬೇಕೆಂದು ಹೇಳುತ್ತದೆ. ಬಟ್ಟೆಗಿಂತ ದಿನಬಳಕೆಯ ಸರಕು ಬೇರೆ ಯಾವುದಿದೆ?

ವೀಲ್‌ಚೇರನ್ನು ಗೋದಾಮಿನಿಂದ ತಂದು ಸಾಲಾಗಿ ಹಂಚುವಂತಿಲ್ಲ, ಕೂರುವವರ ಮೈ ಅಳೆದೇ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2008ರ ತನ್ನ ಮಾರ್ಗಸೂಚಿಯಲ್ಲೇ ಹೇಳಿದೆ. ಸೊಂಟದ ಅಗಲ, ತೊಡೆಯ ಉದ್ದ, ಮೊಣಕಾಲಿನಿಂದ ಹಿಮ್ಮಡಿಯವರೆಗಿನ ಉದ್ದ ಅದಕ್ಕೆ ಬೇಕಾಗುವ ಅಳತೆಗಳು. ಪ್ಯಾಂಟಿಗೆ ಬೇಕಾದ್ದೂ ಬಹುಪಾಲು ಇವೇ, ಇನ್ನೆರಡು ಮೂರು ಸೇರಿಸಿದರೆ ಆಯಿತು. ಸಾಧನ ಸಲಕರಣೆ ವಿತರಣೆಯ ಶಿಬಿರದಲ್ಲಿ ಟೇಪು ಹಿಡಿದವರು ಆ ಹೊತ್ತಿನಲ್ಲೇ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು, ಎರಡು ಜೊತೆ ಬಟ್ಟೆಯ ಹೊಲಿಗೆ ಕೂಲಿಯ ಕೂಪನ್ನನ್ನು ಅದಕ್ಕೆ ಪಿನ್ನು ಮಾಡಿ ಕೊಡಬಹುದು. ಆ ಚೀಟಿ ಹಿಡಿದು ಅವರು ತಮ್ಮೂರಿನ ಟೈಲರ್ ಹತ್ತಿರವೇ ಹೋಗಲಿ. ಶಿಬಿರ ನಡೆಸುವ ಇಲಾಖೆಗೆ ಬೀಳುವ ಖರ್ಚು ವೀಲ್‌ಚೇರಿನ ಬೆಲೆಯಲ್ಲಿ ಒಂದು ಸಣ್ಣ ಪಾಲು.